ಬೆಳ್ಳಿ ಕರಡಿಗೆ

ವೀರಬಸಮ್ಮನ ಕೊರಳಿನ ಶಿವದಾರಕ್ಕೆ ಮಹೇಶ್ವರಪ್ಪ ಕೈ ಹಾಕಿದ್ದೇ ತಡ, ಜಯದೇವಪ್ಪ ಎದ್ದು ಬಂದು ಅವರ ಮಣಿಕಟ್ಟು ಹಿಡಿದರು.

"ಬಿಡಿ ಭಾವ. ಅದು ಅವಳದು."

"ಅವಳದು ಅಂತ ನನಗೂ ಗೊತ್ತು. ಅದಕ್ಕೇ ತೆಗೀತಿರೋದು. ನೀ ಕೈ ಬಿಡು ಜಯದೇವಪ್ಪ."

ಇಬ್ಬರೂ ಎಪ್ಪತ್ತು ದಾಟಿದವರು. ಒಬ್ಬರು ಕೈಹಿಡಿದ ಗಂಡ, ಇನ್ನೊಬ್ಬರು ಒಡಹುಟ್ಟಿದ ಅಣ್ಣ. ನಡುವೆ ವೀರಬಸಮ್ಮ ಹಸಿರು ಸೀರೆಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಮಣೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಕಳಿಸುವುದು ಆ ಮನೆತನಗಳ ಪದ್ಧತಿ. ಬದುಕಿದ್ದಷ್ಟು ದಿನ ಒಂದು ಗಳಿಗೆ ಸುಮ್ಮನೆ ಕೂರದ ಹೆಂಗಸು ಇವತ್ತಾದರೂ ಕೂತಳಲ್ಲ ಎಂದು ಬೆಳಿಗ್ಗೆ ಯಾರೋ ಅಂದಾಗ ಅಳುತ್ತಿದ್ದವರೂ ಒಂದಿಷ್ಟು ನಕ್ಕಿದ್ದರು. ನಗು ಈಗ ಯಾರ ಮುಖದಲ್ಲೂ ಇರಲಿಲ್ಲ.

ಆಕೆಯ ಎದೆಯ ಮೇಲೆ, ಆ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ ಇತ್ತು. ಅದರೊಳಗೆ ಇಷ್ಟಲಿಂಗ. ಎಳವೆಯಲ್ಲಿ ದೀಕ್ಷೆಯ ದಿನ ಕಟ್ಟಿಸಿಕೊಂಡ ಲಿಂಗವನ್ನು ಉಸಿರಿರುವ ತನಕ ಮೈಯಿಂದ ಅಗಲಿಸುವ ಹಾಗಿಲ್ಲ. ಉಸಿರು ಹೋದ ಮೇಲೆ ಅದನ್ನೇ ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡಬೇಕು. ಅಗಲಿಸಿದವರು ಗುರುವಿನಿಂದ ಮತ್ತೆ ದೀಕ್ಷೆ ಪಡೆದು ಹೊಸ ಲಿಂಗ ಕಟ್ಟಿಸಿಕೊಳ್ಳಬೇಕು ಎನ್ನುವುದು ಮಹೇಶ್ವರಪ್ಪನಂಥ ಹಿರಿಯರ ಕಟ್ಟುನಿಟ್ಟು. ಅವರ ಇನ್ನೊಂದು ಕೈಯಲ್ಲಿ, ಬೆಳಿಗ್ಗೆ ಬಾಳೆಹೊನ್ನೂರಿನಿಂದ ಬರುವಾಗಲೇ ಕೆಂಪು ವಸ್ತ್ರದಲ್ಲಿ ಸುತ್ತಿ ತಂದ ಹೊಸ ಲಿಂಗ ಇತ್ತು.

"ಅಯ್ನೋರು ಕಿವಿಯಲ್ಲಿ ಮಂತ್ರ ಹೇಳಿ ಇದನ್ನ ಕಟ್ಟಲಿ" ಎಂದರು ಮಹೇಶ್ವರಪ್ಪ. "ನನಗೇನು ಸಿಟ್ಟಾ ಅವಳ ಮೇಲೆ? ಹೆಗಲ ಮೇಲೆ ಹೊತ್ತು ಆಡಿಸಿದ ತಂಗಿ. ಲಿಂಗ ಬಿಟ್ಟವಳು ಅಂತ ಅನ್ನಿಸ್ಕೊಂಡು ಅವಳು ಮಣ್ಣಿಗೆ ಹೋಗೋದು ಬೇಡ, ಅಷ್ಟೇ."

"ಹೊಸದು ಕಟ್ಟಿದ್ರೆ ಹಳೇದು ಬಿಟ್ಟಿದ್ಲು ಅಂತ ನಾವೇ ಒಪ್ಪಿಕೊಂಡ ಹಾಗಾಯ್ತಲ್ಲ ಭಾವ."

"ಬಿಟ್ಟಿರಲಿಲ್ವಾ ಹಾಗಾದ್ರೆ? ಬಿಟ್ಟಿದ್ಲು ಅಂತ ನನಗೆ ಹೇಳಿದ್ದು ಯಾರು? ನೀನೇ ಅಲ್ವೇನೋ ಮಾರಾಯ."

ಜಯದೇವಪ್ಪನ ಹಿಡಿತ ಸಡಿಲವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿದ್ದು ಅವರೇ. ಅದೂ ಎಂಥ ಹೆಮ್ಮೆಯಿಂದ ಹೇಳಿದ್ದರು.

ಬಾಗಿಲಲ್ಲಿ ಬಿಲ್ವಪತ್ರೆಯ ಬುಟ್ಟಿ ಇಳಿಸುತ್ತಿದ್ದ ಪರಮಶಿವಯ್ಯನವರು ಒಳಗೆ ಬಂದರು. ಊರಿನ ಜಂಗಮರು ಅವರು, ಹುಟ್ಟಿನಿಂದ ಸಾವಿನವರೆಗೆ ಆ ಮನೆಗಳ ಎಲ್ಲ ಕಾರ್ಯವೂ ಅವರದೇ. ಇಬ್ಬರನ್ನೂ ನೋಡಿ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

"ರುದ್ರಭೂಮಿಯಲ್ಲಿ ಗುಂಡಿ ಇನ್ನೂ ಆಗಿಲ್ಲ. ಹೊತ್ತಿದೆ. ಇಬ್ರೂ ಕೂತ್ಕೊಳಿ. ಇದು ಇತ್ಯರ್ಥ ಆಗದೆ ನಾನಂತೂ ಹೂವಿನ ವಿಮಾನ ಎತ್ತಿಸಲ್ಲ" ಎಂದರು.

*

ನರಸಿಂಹರಾಜಪುರದ ಪೇಟೆಬೀದಿಯಲ್ಲಿ ವೀರಬಸಮ್ಮನ ಹಿಟ್ಟಿನ ಮಿಲ್ಲು ಎಂದರೆ ತಿಳಿಯದವರಿಲ್ಲ. ಪಕ್ಕದ ಕೋಣೆಯಲ್ಲೇ ಜಯದೇವಪ್ಪನ ಹೊಲಿಗೆ ಅಂಗಡಿ. ಮಿಲ್ಲಿನ ಗದ್ದಲದಲ್ಲಿ ಗಂಡಹೆಂಡಿರು ಮಾತಾಡುತ್ತಿದ್ದದ್ದೆಲ್ಲ ಕೂಗಿಯೇ. ಹಾಗಾಗಿ ಇವರ ಮನೆಯ ಗುಟ್ಟು ಊರಿಗೆಲ್ಲ ತಿಳಿದಿರುತ್ತದೆ ಎಂದು ಪೇಟೆಯವರು ಕೀಟಲೆ ಮಾಡುತ್ತಿದ್ದರು.

ಮಿಲ್ಲಿನಲ್ಲಿ ವೀರಬಸಮ್ಮನದು ಒಂದೇ ಕಾನೂನು. ಬೆಳಿಗ್ಗೆ ಅಕ್ಕಿ, ಆಮೇಲೆ ಗೋಧಿ, ಕೊನೆಗೆ ರಾಗಿ. ರಾಗಿ ಬೀಸಿದ ಕಲ್ಲಿಗೆ ಅಂದು ಮತ್ತೆ ಅಕ್ಕಿ ಹಾಕುವ ಮಾತೇ ಇಲ್ಲ. ಜೀಪಿನಲ್ಲಿ ಬಂದವರಾಗಲಿ, ತಲೆಹೊರೆಯಲ್ಲಿ ತಂದವರಾಗಲಿ, ಹೊತ್ತು ಮೀರಿ ಅಕ್ಕಿ ತಂದರೆ ನಾಳೆ ಬನ್ನಿ ಅನ್ನುವುದೇ. "ಇನ್ನೊಬ್ಬರ ಮನೆ ರಾಗಿ ಬಣ್ಣ ನಿಮ್ಮ ರೊಟ್ಟಿಗೆ ಬಂದ್ರೆ ನಾಳೆ ನೀವೇ ಬಂದು ನನ್ನ ಬೈತೀರಿ" ಎಂದು ನಗುತ್ತಲೇ ಚೀಲ ತಿರುಗಿಸಿ ಕೊಡುತ್ತಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ಅಣ್ಣತಂಗಿ ಇಬ್ಬರಿಗೂ ಹುಟ್ಟಿನಿಂದ ಬಂದದ್ದು.

ನಾಲ್ಕು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ, ತಲೆ ಸಿಡಿಯುತ್ತಿದೆ ಎಂದವಳು ಮಿಲ್ಲಿನ ಪಕ್ಕದಲ್ಲೇ ಕುಸಿದಳು. ಮಗ ಸಿದ್ದಾರ್ಥ ಕಾರಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಓಡಿದ. ಆಸ್ಪತ್ರೆಯಲ್ಲಿ ಸಿ.ಟಿ. ತೆಗೆದು, ಮೆದುಳಿನಲ್ಲಿ ಸಣ್ಣ ರಕ್ತನಾಳ ಒಡೆದಿದೆ, ರಕ್ತ ಹೆಚ್ಚು ಹರಡಿಲ್ಲ ಎಂದರು. ಎರಡು ದಿನ ಕಳೆಯುವುದರೊಳಗೆ ವೀರಬಸಮ್ಮ ಎದ್ದು ಕೂತಳು. ಇಡ್ಲಿ ತಿಂದಳು. ಇಡ್ಲಿಯ ಅಕ್ಕಿ ಸರಿಯಿಲ್ಲ ಎಂದು ನರ್ಸಿಗೆ ಹೇಳಿದಳು. ಎರಡನೇ ಸಲದ ಸಿ.ಟಿ.ಯಲ್ಲೂ ಹೊಸದೇನೂ ಕಾಣಲಿಲ್ಲ. ಮನೆಗೆ ಹೋಗುವುದೇ ಎಂದು ಎಲ್ಲರೂ ಬಟ್ಟೆ ಮಡಚತೊಡಗಿದರು.

ಸಂಜೆ ಸುತ್ತಿಗೆ ಬಂದ ಡಾಕ್ಟರ್ ಮೇಘನ ಮಾತ್ರ ಹಾಸಿಗೆಯ ಪಕ್ಕ ನಿಂತು ಬಹಳ ಹೊತ್ತು ಆಕೆಯನ್ನು ಮಾತಾಡಿಸಿದರು. ಬೆರಳು ತೋರಿಸಿ ಎಣಿಸಲು ಹೇಳಿದರು, ಕಣ್ಣು ನೋಡಿದರು. ಆಮೇಲೆ ಜಯದೇವಪ್ಪನ ಕಡೆ ತಿರುಗಿದರು.

"ಉತ್ತರ ಎಲ್ಲಾ ಸರಿಯಾಗೇ ಹೇಳ್ತಿದಾರೆ. ಸ್ವಲ್ಪ ನಿಧಾನ ಅನ್ನಿಸ್ತಿದೆ ನನಗೆ. ಮನೇಲಿ ಹೇಗಿರ್ತಾರೋ ಹಾಗೇ ಇದಾರಾ?"

"ಹಾಗೇ ಇದಾಳೆ ಡಾಕ್ಟ್ರಮ್ಮ. ಮಧ್ಯಾಹ್ನ ಫೋನಲ್ಲಿ, ಮಿಲ್ಲು ನೋಡೋಕೆ ಊರಿಗೆ ಹೋದ ಮಗನಿಗೆ ಜೋರು ಮಾಡ್ತಿದ್ಲು, ರಾಗಿ ಇಳಿಸಿ ಅದರ ಮೇಲೇ ಅಕ್ಕಿ ಹಾಕಿ ಮುಗಿಸು ಅಂತ" ಎಂದು ನಕ್ಕರು ಜಯದೇವಪ್ಪ. ನಕ್ಕವರು ಹಾಗೇ ನಿಂತರು. ತಾವೇ ಆಡಿದ ಮಾತು ಆಗ ಅವರ ಕಿವಿಗೆ ಬಿತ್ತು. "ಹಾಗೆ ಹೇಳೋಳಲ್ಲ ಅವಳು" ಎಂದರು.

ಡಾಕ್ಟರು ಮನೆಗೆ ಕಳಿಸುವ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ರಕ್ತದ ಸುತ್ತ ಮೆದುಳು ಊದಿಕೊಳ್ಳತೊಡಗಿರಬಹುದು, ಎಂ.ಆರ್.ಐ. ಮಾಡಿಸೋಣ ಎಂದರು.

"ಎರಡು ಸಲ ಫೋಟೋ ತೆಗೆದ್ರಲ್ಲಮ್ಮ, ಅದ್ರಲ್ಲಿ ಕಾಣಲಿಲ್ವಲ್ಲ."

"ನೀವು ಬಟ್ಟೆ ಕೆಲಸದವರಲ್ವಾ. ತಂತಿ ಮೇಲಿನ ಬಟ್ಟೆಗೆ ಒಂಚೂರು ತೇವ ಇದ್ರೆ ದೂರದಿಂದ ಒಣಗಿದ ಹಾಗೇ ಕಾಣತ್ತೆ. ಮುಟ್ಟಿದ್ರೆ ಗೊತ್ತಾಗತ್ತೆ. ಎಂ.ಆರ್.ಐ. ಅಂದ್ರೆ ಮುಟ್ಟಿ ನೋಡಿದ ಹಾಗೆ. ಆದ್ರೆ ಒಳಗೆ ಅಲುಗಾಡದೆ ಮಲಗಿರ್ಬೇಕು. ಅಲುಗಿದ್ರೆ ಚಿತ್ರ ಕಲಸಿಹೋಗತ್ತೆ, ಸಣ್ಣ ಊತ ಇದ್ರೂ ಕಾಣಲ್ಲ."

ಎಂ.ಆರ್.ಐ. ಕೋಣೆಯ ಹೊರಗೆ ಟೆಕ್ನಿಷಿಯನ್ ನಿಶ್ಚಿತಾ ಎಂಬಾಕೆ, ಮೂವತ್ತು ಮೂವತ್ತೈದರ ಹೆಂಗಸು, ಮೈಮೇಲಿನ ಲೋಹವನ್ನೆಲ್ಲ ತೆಗೆಸಿದಳು. ಬಳೆ, ಕಾಲುಂಗುರ, ಮೂಗುತಿ, ತಾಳಿ. ವೀರಬಸಮ್ಮ ಒಂದೊಂದೇ ಬಿಚ್ಚಿ ಗಂಡನ ಕರ್ಚೀಫಿಗೆ ಹಾಕಿದಳು. ಕರಡಿಗೆಯ ಹತ್ತಿರ ಬಂದಾಗ ಕೈ ನಿಂತಿತು.

"ಇದನ್ನ ಬಿಚ್ಚಲ್ಲ ನಾನು."

"ಬೆಳ್ಳೀನೂ ಒಳಗೆ ಬಿಡಲ್ಲಮ್ಮ. ನಿಯಮ."

"ನಿನ್ನ ನಿಯಮ ನಿನಗೆ, ನನ್ನ ನಿಯಮ ನನಗೆ."

ಜಯದೇವಪ್ಪ ಬೇಡಿಕೊಂಡರು. "ಬಸಮ್ಮ, ನನ್ನ ಕೈಯಲ್ಲೇ ಇಟ್ಕೊಂಡು ನಿಂತಿರ್ತೀನಿ. ನೆಲಕ್ಕಿಡಲ್ಲ, ಜೇಬಿಗೆ ಹಾಕಲ್ಲ. ನೀನು ಇಲ್ದೆ ಹೋದ್ರೆ ನಾನು ಆ ಮಿಲ್ಲಿನ ಸದ್ದು ಹೇಗೆ ಕೇಳಲಿ ಹೇಳು." ಹೇಳುವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು.

ವೀರಬಸಮ್ಮ ಗಂಡನ ಮುಖ ನೋಡಿದಳು. ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಸ್ಪತ್ರೆಯ ನೀಲಿ ಅಂಗಿ ತೊಟ್ಟು ಬಂದವಳು ಕರಡಿಗೆಯನ್ನು ಗಂಡನ ಅಂಗೈ ಮೇಲಿಟ್ಟು, ಒಂದು ಮಾತೂ ಆಡದೆ ಒಳಗೆ ನಡೆದಳು. ಕೋಪ ಬಂದಿದೆ ಎಂದುಕೊಂಡರು ಜಯದೇವಪ್ಪ. ಅವಳು ಹೊರಗೆ ಬರುವ ತನಕ ಎರಡೂ ಕೈಯಲ್ಲಿ ಕರಡಿಗೆ ಹಿಡಿದು, ಪಕ್ಕದಲ್ಲಿ ಕುರ್ಚಿಯಿದ್ದರೂ ಕೂರದೆ ನಿಂತಿದ್ದರು.

ಡಾಕ್ಟರ ಅನುಮಾನ ನಿಜವಾಗಿತ್ತು. ಸಿ.ಟಿ.ಯಲ್ಲಿ ಏನೂ ಇಲ್ಲದ ಜಾಗದಲ್ಲಿ, ರಕ್ತದ ಕಲೆಯಿಂದ ಆಚೆಗೆ, ಎಂ.ಆರ್.ಐ. ಚಿತ್ರದಲ್ಲಿ ತೆಳ್ಳಗೆ ಬಿಳುಪು ಹಬ್ಬಿತ್ತು. ಊತ ಆಗಷ್ಟೇ ಶುರುವಾಗಿತ್ತು. ಕೂಡಲೇ ಔಷಧ ಹಚ್ಚಿದರು, ಐ.ಸಿ.ಯು.ವಿಗೆ ಹಾಕಿದರು. ಮಾರನೆಯ ದಿನ ಊತ ಏರಿ ಆಕೆಗೆ ಮಂಪರು ಕವಿದಾಗ ಡಾಕ್ಟರುಗಳು ಸಜ್ಜಾಗಿಯೇ ಇದ್ದರು. ಮನೆಗೆ ಹೊರಟಿದ್ದರೆ ಉಂಬ್ಳೇಬೈಲಿನ ಕಾಡುದಾರಿಯಲ್ಲಿ ಯಾವ ಡಾಕ್ಟರು, ಯಾವ ಔಷಧ. ವೀರಬಸಮ್ಮ ಬದುಕಿ ಬಂದು, ಬೆಳಿಗ್ಗೆ ಅಕ್ಕಿ, ಕೊನೆಗೆ ರಾಗಿ ಎಂದು ಮತ್ತೆ ಮಿಲ್ಲಿನ ಕಟ್ಟೆಯ ಮೇಲೆ ಕೂತಳು.

ತಂಗಿಯನ್ನು ನೋಡಲು ಬಂದ ಮಹೇಶ್ವರಪ್ಪನಿಗೆ ಜಯದೇವಪ್ಪ ಎಲ್ಲವನ್ನೂ ವರ್ಣಿಸಿದರು. "ಅಷ್ಟು ಹೊತ್ತೂ ನಾನೇ ಹಿಡ್ಕೊಂಡು ನಿಂತಿದ್ದೆ ಭಾವ. ಒಂದು ಗಳಿಗೆ ಕೆಳಗಿಡಲಿಲ್ಲ." ಭೇಷ್ ಅನ್ನುತ್ತಾರೆ ಎಂದುಕೊಂಡಿದ್ದರು. ಮಹೇಶ್ವರಪ್ಪ ಕಾಫಿಯ ಲೋಟ ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ.

ಅಲ್ಲಿಂದಾಚೆಗೆ ಅವರು ತಂಗಿಯ ಮನೆಯಲ್ಲಿ ನೀರು ಮುಟ್ಟಲಿಲ್ಲ. ಮೊಮ್ಮಗಳ ಮದುವೆಯಲ್ಲಿ ವೀರಬಸಮ್ಮನನ್ನು ಕರೆದರು, ಆದರೆ ಆರತಿಗೆ ನಿಲ್ಲಿಸಲಿಲ್ಲ. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದುಂಟೇ. ಲಿಂಗ ಬಿಚ್ಚಿಟ್ಟು ಜೀವ ಉಳಿಸಿಕೊಂಡವಳು ಎನ್ನುವ ಮಾತು ಮಿಲ್ಲಿಗೆ ಬರುವ ಹೆಂಗಸರ ಬಾಯಲ್ಲೂ ಓಡಾಡಿತು. ಇನ್ನೊಂದು ಸಲ ದೀಕ್ಷೆ ಮಾಡಿಸಿಕೋ ಬಸಮ್ಮ, ಬಾಯಿಗಳೆಲ್ಲ ಮುಚ್ಚುತ್ತವೆ ಎಂದು ಜಯದೇವಪ್ಪ ಎಷ್ಟೋ ಸಲ ಹೇಳಿದರು. ಅವಳದು ಒಂದೇ ಉತ್ತರ. "ಕಳ್ಕೊಂಡವರು ಮಾಡಿಸ್ಕೊಳ್ಳಲಿ. ನಾನೇನೂ ಕಳ್ಕೊಂಡಿಲ್ಲ." ಹಟಮಾರಿ ಎಂದು ಜಯದೇವಪ್ಪ ಬೈದುಕೊಂಡು ಸುಮ್ಮನಾಗುತ್ತಿದ್ದರು. ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುವಾಗ ಮಾತ್ರ ಅವಳು ಆ ಟೆಕ್ನಿಷಿಯನ್ ಹುಡುಗಿಗೆಂದು ಹುರಿಹಿಟ್ಟು ಕಟ್ಟಿಕೊಂಡು ಹೋಗುತ್ತಿದ್ದಳು. ಯಾಕೆ ಎಂದರೆ "ಚೆನ್ನಾಗಿ ಫೋಟೋ ತೆಗೀತಾಳೆ" ಅನ್ನುವಳು.

ನಿನ್ನೆ ಸಂಜೆ ಮಿಲ್ಲು ನಿಲ್ಲಿಸಿ, ಕಲ್ಲು ಗುಡಿಸಿ, ಕಟ್ಟೆಯ ಮೇಲೆ ಕೂತವಳು ಹಾಗೇ ಗೋಡೆಗೆ ಒರಗಿದಳು. ಈ ಸಲ ಕೈಕೊಟ್ಟದ್ದು ಎದೆ.

*

"ನಾನು ಕೇಳೋದು ಒಂದೇ ಮಾತು" ಎಂದರು ಪರಮಶಿವಯ್ಯನವರು. ಹಜಾರದಲ್ಲಿ ನೆಂಟರು ಒತ್ತೊತ್ತಾಗಿ ಕೂತಿದ್ದರು. "ಲಿಂಗ ಅಂಗ ಬಿಟ್ಟಿದ್ದು ನಿಜವಾದ್ರೆ ಮಹೇಶ್ವರಪ್ಪ ಹೇಳಿದ ಹಾಗೆ ಹೊಸದು ಕಟ್ಟಬೇಕು. ಬಿಟ್ಟಿಲ್ಲ ಅಂದ್ರೆ ಇದನ್ನ ತೆಗೆಯೋಕೆ ನನಗೂ ಹಕ್ಕಿಲ್ಲ, ಅಣ್ಣನಿಗೂ ಹಕ್ಕಿಲ್ಲ. ಅಲ್ಲಿ ಇದ್ದವನು ನೀನೊಬ್ಬ ಜಯದೇವಪ್ಪ. ನೀನು ಏನು ಹೇಳ್ತೀಯೋ ನಾನು ಅದನ್ನೇ ನಂಬ್ತೀನಿ."

ಒಂದು ಸುಳ್ಳು ಸಾಕಿತ್ತು. ಆಗ ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದೆ, ಅವಳು ಬಿಚ್ಚಲೇ ಇಲ್ಲ ಎಂದರೆ ಎಲ್ಲ ಮುಗಿಯುತ್ತಿತ್ತು. ಅದು ಜಯದೇವಪ್ಪನ ನಾಲಿಗೆಯ ತುದಿಯವರೆಗೂ ಬಂತು. ಎದುರಿಗೆ ವೀರಬಸಮ್ಮ ಕೂತಿದ್ದಳು. ಒಂದು ಪಾವು ಹಿಟ್ಟು ಹೆಚ್ಚುಕಡಿಮೆ ಮಾಡದವಳ ಮುಂದೆ, ಅವಳ ಹೆಸರಿನಲ್ಲಿಯೇ ಸುಳ್ಳು ಹೇಳುವುದಕ್ಕೆ ಅವರಿಗೆ ಬಾಯಿ ಬರಲಿಲ್ಲ.

"ನನ್ನ ಕೈಯಲ್ಲೇ ಇತ್ತು ಅಯ್ನೋರೇ" ಎಂದರು ತಲೆತಗ್ಗಿಸಿ. "ಬಿಚ್ಚು ಅಂತ ಹೇಳಿದ್ದೂ ನಾನೇ. ನನಗೆ ಅವಳು ಬೇಕಾಗಿತ್ತು."

ಮಹೇಶ್ವರಪ್ಪ ಕಣ್ಣೊರೆಸಿಕೊಂಡು ಕೆಂಪು ವಸ್ತ್ರದ ಗಂಟು ಬಿಚ್ಚತೊಡಗಿದರು.

"ಒಂದು ನಿಮಿಷ."

ಬಾಗಿಲ ಬಳಿ, ಹೆಂಗಸರ ಹಿಂದೆ ನಿಂತಿದ್ದವಳು ಮುಂದೆ ಬಂದಳು. ಸಿದ್ದಾರ್ಥ ಬೆಳಿಗ್ಗೆ ಫೋನ್ ಮಾಡಿದ್ದಕ್ಕೆ ಶಿವಮೊಗ್ಗದಿಂದ ಬಸ್ಸು ಹಿಡಿದು ಬಂದಿದ್ದ ನಿಶ್ಚಿತಾ. ಕೈಯಲ್ಲಿ ಹೂವಿನ ಹಾರ ಇನ್ನೂ ಹಾಗೇ ಇತ್ತು.

"ನಾನು ಎಂ.ಆರ್.ಐ. ಮಾಡಿದವಳು" ಎಂದಳು ಎಲ್ಲರಿಗೂ ಕೇಳುವಂತೆ. ಆಮೇಲೆ ಜಯದೇವಪ್ಪನ ಕಡೆ ತಿರುಗಿ, "ಅಪ್ಪಾಜಿ, ನೀವು ಹಿಡ್ಕೊಂಡು ನಿಂತಿದ್ರಲ್ಲ ಬೆಳ್ಳೀದು, ಅದನ್ನ ತೆಗೆದು ನೋಡಿದ್ರಾ?" ಎಂದು ಕೇಳಿದಳು.

"ಇನ್ನೊಬ್ಬರ ಲಿಂಗ ನಾನು ಯಾಕೆ ತೆಗೆದು ನೋಡ್ಲಮ್ಮ? ನೋಡೋ ಹಾಗಿಲ್ಲ."

"ಅದು ಖಾಲಿ ಇತ್ತು."

ಮಹೇಶ್ವರಪ್ಪ ಕೆಂಪು ವಸ್ತ್ರದ ಗಂಟನ್ನು ಮಡಿಲಲ್ಲಿಟ್ಟು ಅವಳ ಕಡೆ ತಿರುಗಿದರು.

*

ನಿಶ್ಚಿತಾ ಹೇಳಿದ್ದು ಹೀಗೆ.

ವೀರಬಸಮ್ಮನನ್ನು ಒಳಗೆ ಮಲಗಿಸಿ, ಬಾಗಿಲು ಹಾಕಿ, ಗಾಜಿನ ಆಚೆ ಕಂಪ್ಯೂಟರಿನ ಮುಂದೆ ಕೂತು ಮೊದಲ ಚಿತ್ರ ತೆಗೆದಿದ್ದಳು. ಪೂರ್ತಿ ಶುರು ಮಾಡುವ ಮೊದಲು ಒಂದು ಸಣ್ಣ ಚಿತ್ರ ತೆಗೆದು ನೋಡುವುದು ಕ್ರಮ. ನೋಡಿದರೆ ಬಾಯಿಯ ಜಾಗದಲ್ಲಿ ಒಂದು ಗುಂಡನೆಯ ಕಪ್ಪು. ಆ ಯಂತ್ರಕ್ಕೆ ಕಾಣುವುದು ಮೈಯೊಳಗಿನ ನೀರು. ನೀರಿಲ್ಲದ ಕಲ್ಲು ಅದಕ್ಕೆ ಕತ್ತಲೆ. ನಿಶ್ಚಿತಾ ಗಾಬರಿಯಾಗಿ ನಿಲ್ಲಿಸಿ ಒಳಗೆ ಓಡಿದಳು.

"ಅಮ್ಮ, ಬಾಯಲ್ಲಿ ಏನಿದೆ?"

ವೀರಬಸಮ್ಮ ಉಂ ಎಂದಳು. ಎಬ್ಬಿಸಿ ಕೂರಿಸಿ ಮತ್ತೊಮ್ಮೆ ಗದರಿದ ಮೇಲೆ ಅಂಗೈ ಒಡ್ಡಿ ತೆಗೆದಳು. ಕಂತಿ ಎನ್ನುವ ಕಪ್ಪು ಲೇಪ ಹಚ್ಚಿದ, ನೆಲ್ಲಿಕಾಯಿಯಷ್ಟು ದೊಡ್ಡ ಲಿಂಗ.

"ಬಾಯಲ್ಲಿ ಇಟ್ಕೊಳ್ಳೋದೂ ನಮ್ಮಲ್ಲಿ ಉಂಟು ಮಗ. ಮುಖಸೆಜ್ಜೆ ಅಂತಾರೆ. ನಾನೇನು ತಪ್ಪು ಮಾಡಿಲ್ಲ" ಎಂದಳು.

"ನುಂಗಿಬಿಟ್ಟಿದ್ರೆ ಏನಮ್ಮ ಗತಿ? ಉಸಿರು ಕಟ್ಟತ್ತೆ. ಹೊರಗೆ ಕೊಟ್ಟು ಬರ್ತೀನಿ ಕೊಡಿ."

"ಹಾಗಾದ್ರೆ ನನ್ನನ್ನೂ ಹೊರಗೆ ಬಿಡು. ಇದಿಲ್ದೆ ಮಲಗು ಅಂದ್ರೆ ನನ್ನ ಮೈ ನಡುಗತ್ತೆ. ನಡುಗಿದ್ರೆ ಆಗಲ್ಲ ಅಂತ ನೀವೇ ಅಂತೀರಿ."

ನಡುಗುತ್ತಿತ್ತು ನಿಜ. ಬೆರಳುಗಳು ಅದುರುತ್ತಿದ್ದವು. ಹುಡುಕಬೇಕಾದದ್ದು ಎಲ್ಲೋ ತೆಳ್ಳಗೆ ಹಬ್ಬಿದ ತೇವ. ಹೀಗೆ ಅದುರುವ ಮೈಯಲ್ಲಿ ಅದು ಸಿಕ್ಕುವ ಮಾತಲ್ಲ. ವೈದ್ಯರು ಬರೆದ ಪಟ್ಟಿಯಲ್ಲಿಲ್ಲದ ಏನನ್ನೂ ಒಳಗೆ ಬಿಡಬಾರದು ಎನ್ನುವುದು ನಿಯಮ. ಮೇಲಿನವರನ್ನು ಕೇಳಿದರೆ ಬೇಡ ಎನ್ನುತ್ತಾರೆ, ಈಕೆ ಎದ್ದು ಮನೆಗೆ ಹೋಗುತ್ತಾಳೆ. ನಿಶ್ಚಿತಾ ಆಕೆಯನ್ನು ಗಾಜಿನ ಆಚೆಯ ಕೋಣೆಗೆ ಕರೆತಂದು, ಲಿಂಗವನ್ನು ಅಂಗೈಯಿಂದ ಎತ್ತದೆಯೇ ಅದರ ಹತ್ತಿರ ಆಯಸ್ಕಾಂತ ಹಿಡಿದು ಸುತ್ತಲೂ ಆಡಿಸಿ ನೋಡಿದಳು. ಎಲ್ಲೂ ಸೆಳೆಯಲಿಲ್ಲ. ಬರೀ ಕಲ್ಲು ಮತ್ತು ಲೇಪ. ಬಾಯಲ್ಲಿ ಬೇಡ, ಅಂಗೈಯಲ್ಲಿ ಇರಲಿ ಎಂದು ಬ್ಯಾಂಡೇಜ್ ಬಟ್ಟೆಯಿಂದ ಎಡಗೈಗೆ ಕಟ್ಟಿದಳು.

"ಇದು ಯಾರಿಗೂ ತಿಳಿಯಬಾರದಮ್ಮ. ನನ್ನ ಕೆಲಸ ಹೋಗತ್ತೆ."

"ನನ್ನ ಬಾಯಿಂದ ಹೊರಡಲ್ಲ. ಲಿಂಗ ಕೈಯಲ್ಲಿ ಹಿಡಿದು ಹೇಳ್ತಿದೀನಿ" ಎಂದಳು ವೀರಬಸಮ್ಮ.

ಯಂತ್ರ ಶುರುವಾಯಿತು. ಆ ಬಡಿತಕ್ಕೆ ಗಟ್ಟಿಗರೂ ಬೆಚ್ಚುತ್ತಾರೆ, ಕೆಲವರು ಕಿರುಚಿ ಎದ್ದುಬಿಡುತ್ತಾರೆ. ಮೂವತ್ತು ವರ್ಷ ಮಿಲ್ಲಿನ ಪಕ್ಕ ಕೂತವಳಿಗೆ ಅದು ಯಾವ ಲೆಕ್ಕ. ಮುಗಿಯುವ ತನಕ ಒಂದು ಬೆರಳು ಅಲುಗಲಿಲ್ಲ. ಚಿತ್ರ ನೋಡಿದ ದೊಡ್ಡ ಡಾಕ್ಟರು, ಇಷ್ಟು ಸ್ವಚ್ಛ ಬಂದಿದೆಯಲ್ಲ, ಯಾರು ಈ ಪೇಷೆಂಟು, ನಿದ್ದೆಗೆ ಮದ್ದು ಕೊಟ್ಟಿದ್ರಾ ಎಂದು ಕೇಳಿದ್ದರು. ಆ ಸ್ವಚ್ಛತೆಯಲ್ಲಿಯೇ ಊತದ ಅಂಚು ಕಂಡದ್ದು.

*

"ಆಮೇಲೆ ಎಷ್ಟು ಸಲ ಬಂದ್ರು" ಎಂದಳು ನಿಶ್ಚಿತಾ. "ನನ್ನ ಮಗನಿಗೆ ಅಂತ ಹುರಿಹಿಟ್ಟು ತರ್ತಿದ್ರು. ಊರಲ್ಲಿ ಹೀಗೆಲ್ಲ ಅಂತಿದಾರೆ ಅಂತ ಒಂದು ದಿನಾನೂ ಹೇಳಲಿಲ್ಲ. ಹೇಳಿದ್ರೆ ನಾನೇ ಬಂದು ಹೇಳ್ತಿದ್ದೆ. ಅದಕ್ಕೇ ಹೇಳಲಿಲ್ವೇನೋ."

"ಈಗ ಹೇಳಿದೀಯಲ್ಲಮ್ಮ ಇಷ್ಟು ಜನರ ಮುಂದೆ. ನಿನ್ನ ಕೆಲಸಕ್ಕೆ ತೊಂದರೆ ಆದ್ರೆ?" ಎಂದರು ಜಯದೇವಪ್ಪ.

"ಆದ್ರೆ ಆಗಲಿ ಅಪ್ಪಾಜಿ. ಅವರು ನಾಲ್ಕು ವರ್ಷ ಅನ್ನಿಸ್ಕೊಂಡ್ರಲ್ಲ."

ಮಹೇಶ್ವರಪ್ಪ ಸುಲಭಕ್ಕೆ ಬಗ್ಗುವವರಲ್ಲ. "ಸತ್ತವಳ ಮೇಲಿನ ಕರುಣೆಗೆ ಹೇಳ್ತಿದೀಯೇನಮ್ಮ?" ಎಂದರು ಮೆಲ್ಲಗೆ. ಕೇಳಿದ ದನಿಯಲ್ಲಿ ಅಲ್ಲವೆಂದು ಹೇಳಲಿ ಎನ್ನುವ ಆಸೆಯೇ ಹೆಚ್ಚಿತ್ತು.

ಪರಮಶಿವಯ್ಯನವರು ಕೈಯೆತ್ತಿ ಅವರನ್ನು ತಡೆದರು. "ಅದನ್ನ ನೀನು ಕಣ್ಣಾರೆ ನೋಡಿದೀಯಾ ತಾಯಿ? ಹೇಗಿತ್ತು ಹೇಳು."

"ಕಪ್ಪಗೆ, ನುಣ್ಣಗೆ ಇತ್ತು. ಕೆಳಗಡೆ ಮಾತ್ರ ಒಂದು ಕಡೆ ಸಣ್ಣ ಗೀರು, ಉಗುರು ಒತ್ತಿದ ಹಾಗೆ. ಆಯಸ್ಕಾಂತ ಹಿಡಿದಾಗ ಒಡೆದಿದೆಯೇನೋ ಅಂತ ಕೇಳಿದೆ. ದೀಕ್ಷೆ ದಿನ ಲೇಪ ಇನ್ನೂ ಹಸಿ ಇತ್ತಂತೆ, ಎಲ್ಲಿ ಬಿದ್ದುಹೋಗತ್ತೋ ಅಂತ ಹೆದರಿ ಗಟ್ಟಿ ಹಿಡ್ಕೊಂಡ್ರಂತೆ. ತಮ್ಮದೇ ಉಗುರು ಅಂದ್ರು."

ಪರಮಶಿವಯ್ಯನವರ ಮುಖ ಅರಳಿತು. "ಆ ದೀಕ್ಷೆ ಕೊಟ್ಟಿದ್ದು ನಮ್ಮ ತಂದೆ" ಎಂದರು. "ಬೇರೆ ಮಾಡಿ ಕೊಡ್ತೀನಿ ಕೊಡು ಅಂದ್ರೆ ಮುಷ್ಟಿ ಬಿಡಲಿಲ್ವಂತೆ ಆ ಕೂಸು. ಸಾಯೋ ತನಕ ಹೇಳಿ ನಗ್ತಿದ್ರು ಅವರು. ಆ ಗುರುತು ಅವಳನ್ನ ಬಿಟ್ಟರೆ ನಮ್ಮ ಮನೆಯವರಿಗೇ ಗೊತ್ತಿದ್ದಿದ್ದು."

ಅವರು ಎದ್ದು ವೀರಬಸಮ್ಮನ ಎದುರು ಕೂತು, ಕರಡಿಗೆ ತೆರೆದು, ವಸ್ತ್ರ ಬಿಡಿಸಿ, ಲಿಂಗವನ್ನು ಬೆಳಕಿಗೆ ಹಿಡಿದರು. ಜಯದೇವಪ್ಪ ಬಗ್ಗಿ ನೋಡಿದರು. ಐವತ್ತು ವರ್ಷ ಜೊತೆಯಲ್ಲಿ ಬಾಳಿದರೂ ಅದನ್ನು ಅವರು ನೋಡುತ್ತಿರುವುದು ಇದೇ ಮೊದಲು. ಮಗುವಿನ ಉಗುರಿನ ಎಳೆ ಗುರುತು ಅಲ್ಲೇ ಇತ್ತು.

ನಾಲ್ಕು ವರ್ಷ ಈ ಹೆಂಗಸು ಅಣ್ಣನ ಮುನಿಸು ತಿಂದಳು, ಊರಿನ ಮಾತು ತಿಂದಳು, ಹಟಮಾರಿ ಎಂದು ಗಂಡನಿಂದಲೂ ಬೈಸಿಕೊಂಡಳು. ಮಿಲ್ಲಿನ ಸದ್ದಿನಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನಗುತ್ತಿದ್ದ ಪೇಟೆಯಲ್ಲಿ, ಎಂದೋ ಕಂಡ ಒಬ್ಬ ಹುಡುಗಿಯ ಅನ್ನಕ್ಕಾಗಿ ಇಷ್ಟು ದೊಡ್ಡ ಗುಟ್ಟನ್ನು ಉಳಿಸಿಕೊಂಡಳು. ಜಯದೇವಪ್ಪನಿಗೆ ಬೆಳಗಿನಿಂದ ಬಾರದ ಅಳು ಈಗ ಬಂತು. ಅದು ಬರೀ ದುಃಖದ ಅಳುವಾಗಿರಲಿಲ್ಲ. ಇಂಥವಳ ಗಂಡ ನಾನು ಎಂದು ಅವರ ಎದೆ ಉಬ್ಬಿ ಬಂದು, ಅದನ್ನು ಹೇಳಿಕೊಳ್ಳುವುದಕ್ಕೆ ಅವಳೇ ಇಲ್ಲವಲ್ಲ ಎಂದು ಅತ್ತರು.

"ನನ್ನ ಹೆಂಡತಿ ಬಿಟ್ಟಿರಲಿಲ್ಲ" ಎಂದರು ಎಲ್ಲರಿಗೂ ಕೇಳುವಂತೆ. "ಕೇಳಿದ್ರಲ್ಲ. ಒಂದು ಗಳಿಗೇನೂ ಬಿಟ್ಟಿರಲಿಲ್ಲ."

ಮಹೇಶ್ವರಪ್ಪ ಹೊಸ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಕುಡಿಯೋಕೆ ನೀರು ಕೊಡಿ ಯಾರಾದ್ರೂ" ಎಂದರು. ಯಾರೋ ಚೊಂಬು ತಂದುಕೊಟ್ಟರು. ತಂಗಿಯ ಮನೆಯ ನೀರನ್ನು ಅವರು ಗೋಡೆಯ ಕಡೆ ಮುಖ ಮಾಡಿ ಕುಡಿದರು.

*

ವಿಮಾನ ಎತ್ತಿದಾಗ ಪೇಟೆಬೀದಿಯ ಅಂಗಡಿಗಳು ಬಾಗಿಲು ಎಳೆದಿದ್ದವು. ಹೂವಿನ ಕುರ್ಚಿಯಲ್ಲಿ ಕೂತ ವೀರಬಸಮ್ಮ ಮುಂದೆ, ಭಜನೆಯವರು ಹಿಂದೆ. ಅಕ್ಕಿ ಬೀಸಿಸಿಕೊಂಡವರು, ರಾಗಿ ಬೀಸಿಸಿಕೊಂಡವರು, ನಾಳೆ ಬನ್ನಿ ಎನ್ನಿಸಿಕೊಂಡವರು ಎಲ್ಲರೂ ಇದ್ದರು. ಕೊಪ್ಪದ ಬಸ್ಸೊಂದು ಬದಿಗೆ ನಿಂತು ದಾರಿ ಬಿಟ್ಟಿತು. ಹೆಗಲು ಕೊಟ್ಟ ನಾಲ್ವರಲ್ಲಿ ಮಹೇಶ್ವರಪ್ಪನೂ ಒಬ್ಬರು. ಈ ವಯಸ್ಸಿನಲ್ಲಿ ಬೇಡ ಎಂದು ಸಿದ್ದಾರ್ಥ ಹೇಳಿದರೆ, "ಇವಳನ್ನ ಹೊತ್ತು ಅಭ್ಯಾಸ ಇದೆ, ನೀ ಸುಮ್ನಿರು" ಎಂದು ಗದರಿದರು. ನಿಶ್ಚಿತಾ ಹೇಳಿದ ಮಾತು ಅವರಿಗಿಂತ ಮೊದಲೇ ರುದ್ರಭೂಮಿ ಸೇರಿತ್ತು. ಗುಂಡಿ ತೋಡಿ ನಿಂತಿದ್ದ ಗುರುವ, ಜಯದೇವಪ್ಪನನ್ನು ಕಂಡು ತಲೆಗೆ ಸುತ್ತಿದ್ದ ಟವೆಲ್ ತೆಗೆದ.

ಗುಂಡಿಯ ಒಂದು ಬದಿಯಲ್ಲಿ ಕೊರೆದ ಗೂಡಿನಲ್ಲಿ ವೀರಬಸಮ್ಮನನ್ನು ಪದ್ಮಾಸನದಲ್ಲಿ ಕೂರಿಸಿದರು. ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ತಂದು, ಪರಮಶಿವಯ್ಯನವರು ಲಿಂಗವನ್ನು ಅದರಲ್ಲಿಟ್ಟರು. ದೃಷ್ಟಿ ಲಿಂಗದ ಮೇಲೆ ಇರಬೇಕು. ಆದರೆ ತಲೆ ನಿಲ್ಲುತ್ತಿರಲಿಲ್ಲ. ಎತ್ತಿ ಬಿಟ್ಟರೆ ಎಡಕ್ಕೆ ವಾಲುತ್ತಿತ್ತು, ಸರಿಪಡಿಸಿದರೆ ಹಿಂದಕ್ಕೆ ಹೋಗುತ್ತಿತ್ತು. ಸಿದ್ದಾರ್ಥ ಹಿಡಿದ, ಗುರುವ ಹಿಡಿದ. ಬಟ್ಟೆ ಕಟ್ಟೋಣ ಎಂದರು ಒಬ್ಬರು, ಮಣ್ಣು ಒತ್ತೋಣ ಎಂದರು ಇನ್ನೊಬ್ಬರು. ಮೇಲೆ ನಿಂತ ಜಯದೇವಪ್ಪನಿಗೆ ನೋಡಲಾಗಲಿಲ್ಲ.

"ನಾನು ನೋಡ್ಲಾ?" ಎಂದಳು ನಿಶ್ಚಿತಾ.

ಹೆಂಗಸು, ಹೊರಗಿನವಳು ಎಂದು ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಮಹೇಶ್ವರಪ್ಪ ಕೈ ಚಾಚಿ, ಆಕೆಯ ಮೊಣಕೈ ಹಿಡಿದು ಗುಂಡಿಗೆ ಇಳಿಸಿದರು.

ನಿಶ್ಚಿತಾ ಮಂಡಿಯೂರಿ ಕೂತಳು. ಎರಡೂ ಅಂಗೈಗಳನ್ನು ವೀರಬಸಮ್ಮನ ಕಿವಿಗಳ ಮೇಲಿಟ್ಟು ತಲೆಯನ್ನು ಮೆಲ್ಲಗೆ ನೇರ ಮಾಡಿದಳು. ಗಲ್ಲವನ್ನು ಒಂಚೂರು ಕೆಳಗೆ ತಂದಳು. ಮೂಗಿನ ನೇರ, ಎದೆಯ ನೇರ ಕಣ್ಣಿನಲ್ಲೇ ಅಳೆದಳು. ದಿನವೂ ಎಷ್ಟೋ ಜನರ ತಲೆಯನ್ನು ಯಂತ್ರದೊಳಗೆ ಹೀಗೆಯೇ ಇರಿಸಿ ಅಭ್ಯಾಸವಾದ ಕೈ ಅದು. "ಎರಡು ವಿಭೂತಿ ಗಟ್ಟಿ ಕೊಡಿ" ಎಂದಳು. ಗುರುವ ಕೊಟ್ಟ. ಕತ್ತಿನ ಆ ಬದಿಗೊಂದು, ಈ ಬದಿಗೊಂದು ಸಿಕ್ಕಿಸಿದಳು. ಆಮೇಲೆ ಒಂದೊಂದೇ ಬೆರಳು ಸಡಿಲಿಸುತ್ತ ಕೈ ಹಿಂದಕ್ಕೆ ತೆಗೆದು, ನಿಲ್ಲುತ್ತದೋ ಎಂದು ಕಾದಳು.

ತಲೆ ನಿಂತಿತು. ವೀರಬಸಮ್ಮ ನೆಟ್ಟಗೆ ಕೂತು ತನ್ನ ಅಂಗೈಯನ್ನೇ ನೋಡುತ್ತಿದ್ದಳು.